ಎರಡು ಪಂಚಾಯಿತಿ, ಒಂದು ಹಳೇ ಬಂಡಿ ದಾರಿ: ನಡೆಯೋಕೆ, ಸೈಕಲ್ ತುಳಿಯೋಕೆ ದಾರಿ ಮಾಡಿಸಿದ ಅನುಭವ

ಹೋದ ವಾರ ನಮ್ಮ ದಾರಿಗೆ ಕಾಮಗಾರಿ ಆದೇಶ ಬಂತು. ಕಲಬುರಗಿ ಜಿಲ್ಲೆಯ ಮೂರು ಹಳ್ಳಿಗಳನ್ನು ಜೋಡಿಸುವ ಸುಮಾರು ಐದು ಕಿಲೋಮೀಟರ್ ದಾರಿ ಇದು. ನಡೆಯುವವರಿಗೆ ಮತ್ತು ಸೈಕಲ್‌ನವರಿಗೆ. ಇದಕ್ಕೆ ಎರಡು ವರ್ಷಕ್ಕಿಂತ ಜಾಸ್ತಿ ಹಿಡಿಯಿತು. ನಾವು ಶುರು ಮಾಡಿದಾಗ ಮೊದಲು ಯಾವ ಕಚೇರಿ, ಯಾವ ಕಾಗದ ಅಂತ ಹೇಳುವವರು ಒಬ್ಬರೂ ಸಿಗಲಿಲ್ಲ. ಈಗ ಪಕ್ಕದ ತಾಲ್ಲೂಕಿನವರು, ಯಾದಗಿರಿ ಕಡೆಯವರು ಫೋನ್ ಮಾಡಿ ಕೇಳುತ್ತಿದ್ದಾರೆ. ಅದಕ್ಕೆ ನಡೆದದ್ದನ್ನು ನಡೆದ ಹಾಗೇ ಬರೆಯುತ್ತಿದ್ದೇನೆ. ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಹೊಸ ಜಾಗ ಕೇಳೋಕೆ ಹೋಗಬೇಡಿ. ನಿಮ್ಮೂರ ನಕಾಶೆಯಲ್ಲಿ ಹಳೇ ದಾರಿ ಇದೆಯಾ ನೋಡಿ. ಇದ್ದರೆ ಅದರ ಮಗ್ಗುಲ ಹೊಲದವರನ್ನು ಮೊದಲು ಒಪ್ಪಿಸಿ, ಆಮೇಲೆ ಕಚೇರಿ ಮೆಟ್ಟಿಲು ಹತ್ತಿ.

ನಾನು ನಮ್ಮೂರ ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯೆ. ನಮ್ಮಲ್ಲಿ ಶಾಲೆ ಏಳನೇ ಕ್ಲಾಸಿನ ತನಕ ಮಾತ್ರ. ಹೈಸ್ಕೂಲು ಪಕ್ಕದೂರಲ್ಲಿ. ಸಂತೆ ಮತ್ತು ದವಾಖಾನೆ ಮೂರನೇ ಊರಲ್ಲಿ. ಮೂರಕ್ಕೂ ಸೇರಿ ಇರುವುದು ಒಂದೇ ಡಾಂಬರು ರಸ್ತೆ. ಅದರ ಮೇಲೆ ಮುರುಮಿನ ಟಿಪ್ಪರ್, ಕಬ್ಬಿನ ಟ್ರ್ಯಾಕ್ಟರ್, ಕಲ್ಲಿನ ಲಾರಿ ಹಗಲು ರಾತ್ರಿ ಓಡುತ್ತವೆ. ಬದಿಗೆ ಇಳಿಯೋಣ ಅಂದರೆ ಜಾಲಿ ಮುಳ್ಳು. ಮಳೆಗಾಲದಲ್ಲಂತೂ ಬದಿಯ ಎರೆಮಣ್ಣು ಸೈಕಲ್ ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ಸೇರಿಕೊಂಡು ಗಟ್ಟಿಯಾಗುತ್ತದೆ, ಚಕ್ರ ತಿರುಗುವುದೇ ಇಲ್ಲ. ಹುಡುಗಿಯರು ಒಂದು ಕೈಯಲ್ಲಿ ಸೀಟು ಎತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ತೊಗರಿ ಕಟ್ಟಿಗೆ ತುಂಡಿನಿಂದ ಆ ಮಣ್ಣು ಕೆರೆಯುತ್ತಾ ನಿಂತಿರುತ್ತಾರೆ. ಬೆನ್ನ ಹಿಂದೆ ಟಿಪ್ಪರ್ ಹಾರ್ನ್ ಹೊಡೆಯುತ್ತಿರುತ್ತದೆ. ಸರ್ಕಾರ 2006–07ರಿಂದ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡುತ್ತಿತ್ತು. ಕೊರೊನಾ ಹೊತ್ತಿಗೆ ಅದು ನಿಂತಿತು. ಆದರೂ ಅಕ್ಕನ ಸೈಕಲ್ ತಂಗಿಗೆ, ತಂಗಿಯದು ಪಕ್ಕದ ಮನೆಗೆ ಅಂತ ಆ ಸೈಕಲ್‌ಗಳು ಇನ್ನೂ ಓಡುತ್ತಿವೆ. ಸೈಕಲ್ ಇದೆ, ಓಡಿಸೋಕೆ ದಾರಿ ಇಲ್ಲ.

ಹೊಲಗಳ ನಡುವೆ ಹಳೇ ಬಂಡಿ ದಾರಿ ಒಂದಿತ್ತು. ಡಾಂಬರು ರಸ್ತೆಗಿಂತ ಹತ್ತಿರ. ನಮ್ಮ ಅತ್ತೆ ಮದುವೆಯಾಗಿ ಬಂದಿದ್ದು ಅದೇ ದಾರಿಯಲ್ಲಿ, ಬಂಡಿಯಲ್ಲಿ. ಆಮೇಲೆ ಬಂಡಿಗಳು ಕಡಿಮೆಯಾದವು, ಅಲ್ಲಲ್ಲಿ ಕೆಲವರು ಒಂದೊಂದು ಸಾಲು ಒಳಗೆ ಸರಿದು ಗಳೆ ಹೊಡೆದರು. ಬೀದರ್–ಕಲಬುರಗಿ ರೈಲು ಮಾರ್ಗ ಹಾಕುವಾಗ ದಾರಿ ನಡುವೆ ಕಡಿದೇ ಹೋಯಿತು. 2017ರ ಅಕ್ಟೋಬರ್ 29ಕ್ಕೆ ಆ ಮಾರ್ಗ ಉದ್ಘಾಟನೆಯಾಯಿತು. ರೈಲು ಬಂದಿದ್ದು ನಮಗೆಲ್ಲ ಖುಷಿಯೇ, ಆದರೆ ಅವತ್ತಿನಿಂದ ಆ ದಾರಿ ಯಾರಿಗೂ ನೆನಪಾಗದ ಹಾಗೆ ಆಯಿತು.

ಶುರುವಾಗಿದ್ದು ಮಕ್ಕಳ ಗ್ರಾಮ ಸಭೆಯಿಂದ. ನಮ್ಮ ರಾಜ್ಯದ ಪಂಚಾಯಿತಿಗಳಲ್ಲಿ ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ನವೆಂಬರ್ ಹೊತ್ತಿಗೆ ಇದು ನಡೆಯುತ್ತದೆ. ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಎದ್ದು ನಿಂತು, "ಸರ್, ನಮಗ ದೊಡ್ಡ ರಸ್ತಾ ಬ್ಯಾಡ್ರಿ, ಲಾರಿ ಬರಲಾರದ ದಾರಿ ಬೇಕ್ರಿ" ಅಂದಳು. ಸಭೆಯಲ್ಲಿ ಇದ್ದವರೆಲ್ಲ ಚಪ್ಪಾಳೆ ಹೊಡೆದರು. ಚಪ್ಪಾಳೆಗಿಂತ ಮುಖ್ಯವಾದದ್ದು ಅದು ನಡಾವಳಿ ಪುಸ್ತಕದಲ್ಲಿ ದಾಖಲಾಗಿದ್ದು. ನಿಮ್ಮಲ್ಲೂ ಇಂಥ ಬೇಡಿಕೆ ಬಂದರೆ ಅವತ್ತೇ ನಡಾವಳಿಯ ನಕಲು ಕೇಳಿ ಇಟ್ಟುಕೊಳ್ಳಿ. ಮುಂದೆ ಎಷ್ಟೋ ಕಡೆ "ಈ ದಾರಿ ಬೇಕು ಅಂತ ಯಾರು ಕೇಳ್ಯಾರ?" ಅಂದಾಗ ನಾವು ತೋರಿಸಿದ್ದು ಅದೇ ಹಾಳೆ.

ಎಸ್‌ಡಿಎಂಸಿ ಪತ್ರ ಮತ್ತು ಮಹಿಳಾ ಸಂಘದವರ ಸಹಿ ತಗೊಂಡು ಪಂಚಾಯಿತಿಗೆ ಹೋದೆವು. ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಕೇಳಿಸಿಕೊಂಡು ಒಂದೇ ಮಾತು ಹೇಳಿದರು: "ಮೇಡಂ, ದಾರಿ ಎಲ್ಲದ ಅಂತ ಕಾಗದದಾಗ ತೋರಸ್ರಿ. ಖಾಸಗಿ ಹೊಲದಾಗ ಪಂಚಾಯಿತಿ ರೊಕ್ಕ ಹಾಕ್ಲಿಕ್ಕ ಬರಲ್ರಿ." ಅವರು ಹೇಳಿದ್ದು ಸರಿಯೇ. ಇಡೀ ಕೆಲಸದಲ್ಲಿ ನಮಗೆ ಜಾಸ್ತಿ ಸಮಯ ತಿಂದಿದ್ದೂ ಇದೇ.

ಗ್ರಾಮ ನಕಾಶೆಯಲ್ಲಿ ಜೋಡಿ ಚುಕ್ಕೆ ಗೆರೆ ಇದ್ದರೆ ಬಂಡಿ ದಾರಿ, ಒಂಟಿ ಚುಕ್ಕೆ ಗೆರೆ ಇದ್ದರೆ ಕಾಲು ದಾರಿ. ಇಷ್ಟು ಗೊತ್ತಾದರೆ ಅರ್ಧ ಕೆಲಸ ಆದ ಹಾಗೆ. ಆದರೆ ನಕಾಶೆ ಸಿಗಬೇಕಲ್ವಾ? ಜಿಲ್ಲೆಯಲ್ಲಿ ಹೊಸದಾಗಿ ಕಮಲಾಪುರ, ಕಾಳಗಿ, ಶಹಾಬಾದ್, ಯಡ್ರಾಮಿ ಅಂತ ತಾಲ್ಲೂಕುಗಳಾದವು. ನಮ್ಮ ಎರಡು ಊರು ಅಂಥ ಒಂದು ಹೊಸ ತಾಲ್ಲೂಕಿಗೆ ಬಂದವು, ಮೂರನೇ ಊರು ಹಳೆ ತಾಲ್ಲೂಕಿನಲ್ಲೇ ಉಳಿಯಿತು. ಹಳೇ ದಾಖಲೆಯ ಗಂಟುಗಳು ಎಲ್ಲಿವೆ ಅನ್ನೋದು ಒಂದು ಕಚೇರಿಗೂ ಸರಿಯಾಗಿ ಗೊತ್ತಿರಲಿಲ್ಲ. ಇಲ್ಲಿ ಕೇಳಿದರೆ ಅಲ್ಲಿ ಅನ್ನುತ್ತಿದ್ದರು, ಅಲ್ಲಿ ಕೇಳಿದರೆ ಇಲ್ಲಿ ಅನ್ನುತ್ತಿದ್ದರು. ಆಟೋ, ಬಸ್ಸು, ಮಧ್ಯಾಹ್ನದ ಉಪವಾಸ. ಒಂದು ಮಧ್ಯಾಹ್ನ ಕಚೇರಿ ಕಟ್ಟೆ ಮೇಲೆ ಕೂತು ನನಗೂ ನಮ್ಮ ಸಂಘದ ಅಧ್ಯಕ್ಷೆಗೂ ಅಳು ಬಂದಿದ್ದು ನಿಜ.

ಕೊನೆಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿದೆವು. ಹತ್ತು ರೂಪಾಯಿ ಪೋಸ್ಟಲ್ ಆರ್ಡರ್. 30 ದಿನದೊಳಗೆ ಉತ್ತರ ಕೊಡಬೇಕು ಅಂತ ಕಾಯ್ದೆಯಲ್ಲೇ ಇದೆ. ಉತ್ತರ ಬಂತು, ಆದರೆ ಝೆರಾಕ್ಸ್ ಎಷ್ಟು ತೆಳುವಾಗಿತ್ತು ಅಂದರೆ ಚುಕ್ಕೆ ಗೆರೆ ಕಾಣುತ್ತಲೇ ಇರಲಿಲ್ಲ. ಮೂಲ ನಕಾಶೆಯನ್ನು ಕಣ್ಣಾರೆ ನೋಡೋಕೆ ಅವಕಾಶ ಕೊಡಿ ಅಂತ ಮತ್ತೊಂದು ಅರ್ಜಿ ಹಾಕಿದೆವು. ಇದನ್ನು ನೀವು ಮೊದಲನೇ ಅರ್ಜಿಯಲ್ಲೇ ಕೇಳಿ. ನಕಲು ಮತ್ತು ಪರಿಶೀಲನೆ ಎರಡನ್ನೂ ಒಟ್ಟಿಗೆ ಕೇಳಬಹುದು.

ಮೂಲ ನಕಾಶೆ ಬಟ್ಟೆಗೆ ಅಂಟಿಸಿದ್ದು. ಮಡಚಿದ ಕಡೆಯೆಲ್ಲ ಸೀಳು ಬಿಟ್ಟಿತ್ತು. ಬಿಚ್ಚಿದರೆ ಬರಹವೆಲ್ಲ ಉರ್ದು. 1948ರ ಸೆಪ್ಟೆಂಬರ್ 17ರ ತನಕ ನಮ್ಮದು ನಿಜಾಮರ ಹೈದರಾಬಾದ್ ಸಂಸ್ಥಾನ, ಆಗಿನ ಕಂದಾಯ ದಾಖಲೆ ಉರ್ದುವಿನಲ್ಲೇ ಇರುತ್ತಿತ್ತು. ಇದು ನಮ್ಮ ಕಡೆಯ ಎಲ್ಲರಿಗೂ ಬರುವ ತೊಡಕು, ಗೊತ್ತಿರಲಿ. ಕಚೇರಿಯಲ್ಲಿ ಅವತ್ತು ಓದುವವರು ಯಾರೂ ಇರಲಿಲ್ಲ. ಹೈಸ್ಕೂಲಿನ ಊರಲ್ಲಿ ಉರ್ದು ಶಾಲೆಯಿಂದ ನಿವೃತ್ತರಾದ ಮಾಸ್ತರರೊಬ್ಬರಿದ್ದಾರೆ. ಅವರನ್ನು ಕರೆದುಕೊಂಡು ಹೋದೆವು. ಕಣ್ಣು ಮಂಜು, ಕೈಯಲ್ಲಿ ಭೂತಗನ್ನಡಿ. ಬೆರಳನ್ನು ನಕಾಶೆಗೆ ತಾಗಿಸದೆ, ಅದರ ಮೇಲೆ ಒಂದು ಅಂಗುಲ ಎತ್ತರದಲ್ಲಿ ಮೆಲ್ಲಗೆ ಸರಿಸುತ್ತಾ ಹೋದರು. ಬಾವಿ, ಮಸೀದಿ, ಹನುಮಪ್ಪನ ಗುಡಿ, ನಾಲಾ. ಆಮೇಲೆ ನಿಂತರು. "ಇಲ್ಲೇ ಅದ ನೋಡವ್ವ ನಿಮ್ಮ ದಾರಿ. ನಾಲಾ ದಾಟಿ ಸೀದಾ ನಮ್ಮೂರಿಗೆ ಬರ್ತದ." ಎಲ್ಲಾ ಸರ್ವೆ ನಂಬರುಗಳನ್ನು ಓದಿ ಹೇಳಿದರು, ನಾನು ಬರೆದುಕೊಂಡೆ. ಎಷ್ಟು ಕೊಡಬೇಕು ಮಾಸ್ತರ್ ಸಾಬ್ ಅಂತ ಕೇಳಿದ್ದಕ್ಕೆ ಬೇಜಾರು ಮಾಡಿಕೊಂಡರು, ಚಹಾ ಕುಡಿಸಿ ಸಾಕು ಅಂದರು.

ಕೈಬರಹದ ಆ ಪಟ್ಟಿ ಕಚೇರಿಗೆ ನಡೆಯುವುದಿಲ್ಲ, ದೃಢೀಕೃತ ನಕಲೇ ಬೇಕು. ಆದರೆ ಯಾವ ಸರ್ವೆ ನಂಬರು ಅಂತ ಗೊತ್ತಾದ ಮೇಲೆ ಆಯಾ ನಂಬರಿನ ಟಿಪ್ಪಣಿ (ಅಳತೆ ದಾಖಲೆ), ಆಕಾರ್‌ಬಂದ್ (ವಿಸ್ತೀರ್ಣ, ಕಂದಾಯದ ಪಟ್ಟಿ), ಪಹಣಿ ತೆಗೆಸೋದು ಸುಲಭವಾಯಿತು. ಪಹಣಿಯಲ್ಲಿ ಖರಾಬಿನ ಕಾಲಂ ನೋಡಿ. 'ಅ' ಖರಾಬು ಅಂದರೆ ಬೆಳೆ ಬಾರದ ಜಾಗ, ಅದು ಹೊಲದವರದ್ದೇ. 'ಬ' ಖರಾಬು ಅಂದರೆ ದಾರಿ, ಹಳ್ಳ ಹೀಗೆ ಸಾರ್ವಜನಿಕ ಬಳಕೆಯದ್ದು. ನಮ್ಮ ದಾರಿಯ ಬಹುಪಾಲು 'ಬ' ಖರಾಬಿನಲ್ಲಿತ್ತು. ಬೇರೆಯವರ ಸ್ವತ್ತಲ್ಲದ ಸಾರ್ವಜನಿಕ ರಸ್ತೆ, ದಾರಿ, ಹಳ್ಳಗಳೆಲ್ಲ ಸರ್ಕಾರದ್ದು ಅಂತ 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ 67ನೇ ಕಲಮು ಹೇಳುತ್ತದೆ. ಅಂದರೆ ಯಾರ ಹೊಲವನ್ನೂ ಕಿತ್ತುಕೊಳ್ಳುವ ಮಾತೇ ಇಲ್ಲ. ಈ ಒಂದು ವಿಷಯ ತಿಳಿದ ದಿನ ನನಗೆ ಎಷ್ಟೋ ಧೈರ್ಯ ಬಂತು. ಮೊಬೈಲಿನಲ್ಲಿ ದಿಶಾಂಕ್ ಆ್ಯಪ್ ಹಾಕಿಕೊಂಡರೆ ನಿಂತ ಜಾಗದ ಸರ್ವೆ ನಂಬರು ತೋರಿಸುತ್ತದೆ. ಅಂದಾಜಿಗೆ ಒಳ್ಳೆಯದು, ಹದ್ದುಬಸ್ತಿಗೆ (ಗಡಿ ಗುರುತಿಸೋಕೆ) ಅದನ್ನು ನಂಬಬೇಡಿ.

ಆಮೇಲೆ ಹೊಲದವರ ಜೊತೆ ಮಾತು. ಕಚೇರಿಗಿಂತ ಇದು ಸೂಕ್ಷ್ಮ. ನೋಟಿಸ್ ಕೊಡಿಸಿ ತೆರವು ಮಾಡಿಸೋಣ ಅಂತ ಕೆಲವರು ಹೇಳಿದರು. ನಾವು ಬೇಡ ಅಂದೆವು. ಒಂದು ಭಾನುವಾರ ದಾರಿ ಮಗ್ಗುಲ ಹೊಲದವರನ್ನೆಲ್ಲ ಕರೆದು, ಮೂರೂರಿನ ಹಿರಿಯರನ್ನು ಸೇರಿಸಿ, ಮುಳ್ಳು ಸರಿಸುತ್ತಾ ದಾರಿಯುದ್ದಕ್ಕೂ ನಡೆದೆವು. ಹೈಸ್ಕೂಲು ಮಕ್ಕಳೂ ಬಂದರು. ಒಳಗೆ ಸರಿದು ಉತ್ತವರಲ್ಲಿ ಹೆಚ್ಚಿನವರು ಅಲ್ಲೇ ನಿಂತು, "ಆಯ್ತು ತಗೊರಿ, ರಾಶಿ ಆದಮ್ಯಾಗ ಬಿಡ್ತೀವಿ" ಅಂದರು. ಒಬ್ಬರು ಮಾತ್ರ ಸಿಟ್ಟಾದರು: "ಅಕ್ಕಾ, ನೀವು ಸೈಕಲ್ ದಾರಿ ಅಂತೀರಿ. ಹಂಗಾದ್ರ ನನ್ನ ತೊಗರಿ ರಾಶಿ ತಲಿ ಮ್ಯಾಲ ಹೊತ್ಕೊಂಡು ಬರ್ಲೇನು? ಟ್ರ್ಯಾಕ್ಟರ್ ಎಲ್ಲಿ ಹಾಯಸ್ಲಿ?" ಅವರ ಮಾತಿನಲ್ಲಿ ನ್ಯಾಯ ಇತ್ತು. ಬಂಡಿ ದಾರಿ ಅಂದಮೇಲೆ ಹೊಲಕ್ಕೆ ಹೋಗುವವರ ಹಕ್ಕೇ ಮೊದಲು. ಆದರೆ ಎರೆಮಣ್ಣಲ್ಲಿ ಮಳೆಗಾಲಕ್ಕೆ ಒಂದು ಟ್ರ್ಯಾಕ್ಟರ್ ಹಾಯ್ದರೆ ಮೊಣಕಾಲುದ್ದ ಗಾಲಿ ಗುಂಡಿ, ಆಮೇಲೆ ಸೈಕಲ್ ಆಸೆ ಬಿಡಬೇಕು. ಈ ಪ್ರಶ್ನೆ ಬಗೆಹರಿಯುವ ತನಕ ಸರ್ವೆ ಅರ್ಜಿ ಬಿಟ್ಟರೆ ನಾವು ಮುಂದಿನ ಯಾವ ಅರ್ಜಿಯನ್ನೂ ಕೊಡಲಿಲ್ಲ.

ಉತ್ತರ ಸಿಕ್ಕಿದ್ದು ಸರ್ವೆ ಆದ ಮೇಲೆ. ಸರ್ವೆಗೆ ಶುಲ್ಕ ಕಟ್ಟಿ ಬಹಳ ಕಾದೆವು. ನಮ್ಮ ಕಡೆ ತೊಗರಿ ಜೂನ್–ಜುಲೈಗೆ ಬಿತ್ತಿದರೆ ಕಟಾವು ಡಿಸೆಂಬರ್–ಜನವರಿಗೆ. ಆಳೆತ್ತರ ತೊಗರಿ ನಿಂತಾಗ ಸರಪಳಿ ಎಳೆಯೋಕೆ ಆಗಲ್ಲ, ಬೆಳೆ ತುಳಿದರೆ ಒಪ್ಪಿದವರೂ ತಿರುಗಿ ಬೀಳುತ್ತಾರೆ. ಹಿಂಗಾರಿ ಜೋಳ ಇದ್ದರೆ ಫೆಬ್ರವರಿ, ಮಾರ್ಚ್ ತನಕ ಕಾಯಬೇಕು. ಅಂದರೆ ಉಳಿಯೋದು ಬೇಸಿಗೆ. ಏಪ್ರಿಲ್–ಮೇನಲ್ಲಿ ನಮ್ಮ ಜಿಲ್ಲೆಗಳಲ್ಲಿ ಸರ್ಕಾರಿ ಕಚೇರಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರ ತನಕ ಅಷ್ಟೇ. ಊರಿಂದ ಮೊದಲ ಬಸ್ಸಿಗೇ ಹೊರಡಿ, ಹನ್ನೊಂದಕ್ಕೆ ಹೋದರೆ ಅವತ್ತಿನ ಕೆಲಸ ಆಗಲ್ಲ. ಸರ್ವೆ ಅರ್ಜಿಯನ್ನು ಡಿಸೆಂಬರಿಗೇ ಹಾಕಿಟ್ಟರೆ ಬೇಸಿಗೆಗೆ ಸರದಿ ಬರುತ್ತದೆ.

ಸರ್ವೆಯಲ್ಲಿ ದಾರಿ ಹೆಚ್ಚು ಕಡೆ ಐದಾರು ಮೀಟರ್ ಅಗಲ ಬಂತು. ಅದನ್ನೇ ಎರಡು ಭಾಗ ಮಾಡಿದೆವು. ಒಂದು ಬದಿ ಎರಡು ಮೀಟರ್ ಎತ್ತರಿಸಿ ಮುರುಮು ಹಾಕಿದ ದಾರಿ, ನಡೆಯುವವರಿಗೆ ಮತ್ತು ಸೈಕಲ್‌ಗೆ. ಅದರ ಅಂಚಿಗೆ ಶಹಾಬಾದ್ ಕಲ್ಲು ನಿಲ್ಲಿಸಿ, ಉಳಿದ ಅಗಲ ಬಂಡಿ, ಟ್ರ್ಯಾಕ್ಟರಿಗೆ. ರಸ್ತೆಗಳ ಮಾನದಂಡ ಹೇಳುವ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 2012ರ ಮಾರ್ಗಸೂಚಿಯಲ್ಲಿ ಪಾದಚಾರಿ ದಾರಿಗೆ ಕನಿಷ್ಠ 1.8 ಮೀಟರ್ ಅಗಲ ಹೇಳಿದ್ದಾರೆ ಅಂತ ಕಿರಿಯ ಎಂಜಿನಿಯರ್ ತೋರಿಸಿದರು, ಅದರ ಮೇಲೆ ಸ್ವಲ್ಪ ಸೇರಿಸಿ ಎರಡು ಮೀಟರ್ ಆಯಿತು. ಸಿಟ್ಟಾಗಿದ್ದ ಆ ರೈತರೇ ಮೊದಲು ಸಹಿ ಮಾಡಿದರು.

ರೈಲು ಹಳಿ ಹತ್ತಿರ ಮಾತ್ರ ಬೇರೆ ತೊಡಕು. ಹಳೇ ದಾರಿ ಅಲ್ಲಿ ಕಡಿದಿದ್ದರಿಂದ ಕೆಳಸೇತುವೆ ತನಕ ಇಬ್ಬರ ಖಾಸಗಿ ಹೊಲದ ಅಂಚಿನಲ್ಲಿ ಹೋಗಬೇಕು. ಇಬ್ಬರೂ ಮನಸಾರೆ ಒಪ್ಪಿದರು. ಆದರೆ ಒಂದು ಪಹಣಿ ಇನ್ನೂ ತೀರಿಹೋದ ಮುತ್ಯಾನ ಹೆಸರಲ್ಲೇ ಇತ್ತು. ಮೊದಲು ಪೌತಿ ಖಾತೆ ಆಗಬೇಕು, ಅಂದರೆ ತೀರಿಹೋದವರ ಹೆಸರಿನಿಂದ ವಾರಸುದಾರರ ಹೆಸರಿಗೆ ಬರಬೇಕು. ಅದಕ್ಕೆ ಮರಣ ಪ್ರಮಾಣ ಪತ್ರ, ವಂಶವೃಕ್ಷ, ಎಲ್ಲ ವಾರಸುದಾರರ ಒಪ್ಪಿಗೆ. ಒಬ್ಬ ಮಗ ಪುಣೆಯಲ್ಲಿ ಕಟ್ಟಡ ಕೆಲಸಕ್ಕೆ ಹೋಗಿದ್ದ, ಮಗಳನ್ನು ಅಕ್ಕಲಕೋಟೆ ಕಡೆ ಕೊಟ್ಟಿದ್ದಾರೆ. ಇಬ್ಬರೂ ಒಟ್ಟಿಗೆ ಊರಿಗೆ ಬರುವುದು ಜಾತ್ರೆಗೆ ಮಾತ್ರ. ಜಾತ್ರೆ ತನಕ ಕಾದೆವು. ಪುಣ್ಯಕ್ಕೆ ಮಗಳೂ ಒಂದು ಮಾತು ಆಡದೆ ಸಹಿ ಹಾಕಿದಳು, "ನಾನೂ ಆ ದಾರೀಲೇ ಸಾಲಿಗೆ ಹೋಗೀನಿ" ಅಂದಳು. ನೀವು ದಾರಿ ಮಗ್ಗುಲ ಎಲ್ಲ ಪಹಣಿಗಳನ್ನೂ ಮೊದಲೇ ತೆಗೆದು ನೋಡಿ, ಪೌತಿ ಆಗದ್ದು ಕಂಡರೆ ಅದನ್ನೇ ಮೊದಲು ಹಿಡಿಯಿರಿ. ಇನ್ನೊಂದು ವಿಷಯ. ನೋಟರಿ ಒಪ್ಪಿಗೆ ಪತ್ರದಿಂದ ನಮ್ಮ ಕಡತ ಮುಂದೆ ಹೋಯಿತು. ಆದರೆ ಜಾಗ ನಿಜವಾಗಿ ಸಾರ್ವಜನಿಕವಾಗಬೇಕು ಅಂದರೆ ನೋಂದಣಿಯಾದ ದಾನಪತ್ರವೇ ಬೇಕು. ಆ ಎರಡು ತುಂಡಿಗೆ ಅದನ್ನು ಮಾಡಿಸುತ್ತಿದ್ದೇವೆ.

ಎರಡು ಪಂಚಾಯಿತಿ ಇದ್ದಾಗ ಠರಾವೂ (ಸಭೆಯ ನಿರ್ಣಯ) ಎರಡು. ನಮ್ಮ ಪಂಚಾಯಿತಿಯ ಠರಾವಿನಲ್ಲಿ ದಾರಿ ನಮ್ಮ ಶಿವಾರದ ಕೊನೇ ಸರ್ವೆ ನಂಬರಿಗೆ ಮುಗಿದರೆ, ಅವರದ್ದು ಬೇರೆ ಕಡೆಯಿಂದ ಶುರುವಾಗಿತ್ತು. ನಡುವೆ ಒಂದು ತುಂಡು ಯಾರ ಠರಾವಿನಲ್ಲೂ ಇಲ್ಲ. ಎರಡು ಊರಿನ ನಕಾಶೆ ಗಡಿಯಲ್ಲಿ ಒಂದಕ್ಕೊಂದು ಸರಿಯಾಗಿ ಕೂಡುವುದಿಲ್ಲ, ಅದಕ್ಕೇ ಹೀಗಾಯಿತು. ಇಬ್ಬರು ಸರ್ವೆಯರ್‌ಗಳನ್ನು ಒಂದೇ ದಿನ ಗಡಿಕಲ್ಲಿನ ಹತ್ತಿರ ನಿಲ್ಲಿಸುವುದು ಎಷ್ಟು ಕಷ್ಟ ಅಂತ ಮಾಡಿದವರಿಗೇ ಗೊತ್ತು. ಆಮೇಲೆ ಎರಡೂ ಕಡೆ ಮತ್ತೆ ಗ್ರಾಮ ಸಭೆ. ಗ್ರಾಮ ಸಭೆ ಆರು ತಿಂಗಳಿಗೊಮ್ಮೆಯಾದರೂ ಆಗಲೇಬೇಕು ಅಂತ ನಿಯಮವಿದೆ, ಅಂದರೆ ಒಂದು ತಪ್ಪಿದರೆ ಇನ್ನೊಂದಕ್ಕೆ ಅಷ್ಟು ಕಾಯಬೇಕಾಗಬಹುದು. ಎರಡೂ ಠರಾವುಗಳ ಕರಡನ್ನು ಅಕ್ಕಪಕ್ಕ ಇಟ್ಟು, ಒಂದೇ ಸರ್ವೆ ನಂಬರ್ ಪಟ್ಟಿ ಎರಡರಲ್ಲೂ ಸೇರಿಸಿ. ಕೋರಂ ತುಂಬಿಸಲು ಹೆಣ್ಣುಮಕ್ಕಳನ್ನು ಕರೆತನ್ನಿ. ನಮ್ಮಲ್ಲಿ ಸಭೆ ತುಂಬಿದ್ದು ಅವರಿಂದಲೇ.

ಹಣದ ವಿಷಯ. ಸೈಕಲ್ ದಾರಿ ಅಂತ ಹಣ ಕೊಡುವ ಲೆಕ್ಕ ಶೀರ್ಷಿಕೆಯೇ ಇಲ್ಲ ಅಂತ ಒಂದು ಕಚೇರಿಯಲ್ಲಿ ಕಡತ ವಾಪಸ್ ಬಂತು. ನಡೆಯುವವರಿಗೆ, ಸೈಕಲ್‌ನವರಿಗೆ ಅಂತ ರಾಜ್ಯದಲ್ಲಿ ಒಂದು ಮಸೂದೆಯ ಕರಡು ಆಗಿತ್ತು, ಅದನ್ನು ಮಾಡಿದ್ದು ನಗರ ಭೂ ಸಾರಿಗೆ ನಿರ್ದೇಶನಾಲಯ, ಅದರ ಗಮನ ಪಟ್ಟಣಗಳ ಮೇಲೆ. ಹಳ್ಳಿಗೆ ಉಪಯೋಗಕ್ಕೆ ಬಂದಿದ್ದು ಉದ್ಯೋಗ ಖಾತ್ರಿಯ ಹೊಲದ ದಾರಿ ಕಾಮಗಾರಿ. ಅದರಲ್ಲಿ ಕೂಲಿ ಮತ್ತು ಸಾಮಗ್ರಿ 60:40 ಇರಬೇಕಿತ್ತು, 2024–25ರಲ್ಲಿ ದಿನದ ಕೂಲಿ 349 ರೂಪಾಯಿ ಇತ್ತು. ಎರೆಮಣ್ಣು ತೆಗೆಯೋದು, ಬದಿಗೆ ಕಾಲುವೆ ತೋಡೋದು, ಮುರುಮು ಹರಡೋದು ಇದರಲ್ಲಿ ಬರುತ್ತದೆ. ಮೇಲಿನ ಎರೆಮಣ್ಣು ತೆಗೆಯದೆ ಮುರುಮು ಸುರಿದರೆ ಒಂದೇ ಮಳೆಗಾಲಕ್ಕೆ ಹಾಳು. ನೀರು ಕುಡಿದರೆ ಈ ಮಣ್ಣು ಉಬ್ಬುತ್ತದೆ, ಬೇಸಿಗೆಗೆ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಅಂದಾಜು ಪಟ್ಟಿಯಲ್ಲಿ ಇದು ಇದೆಯಾ ಅಂತ ನೀವೇ ಕೂತು ಓದಿ. ನಾಲಾಗೆ ಪೈಪು ಹಾಕಿ ಸಿ.ಡಿ. (ಕಿರುಸೇತುವೆ) ಕಟ್ಟೋದು ಮಾತ್ರ ಸಾಮಗ್ರಿಯ ಲೆಕ್ಕಕ್ಕೆ ಭಾರ. ಅದಕ್ಕೆ ಶಾಸಕರ ಶಿಫಾರಸು ಪತ್ರದೊಂದಿಗೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಬೇಡಿಕೆ ಕೊಟ್ಟಿದ್ದೇವೆ. ಸಂವಿಧಾನದ 371(ಜೆ) ವಿಧಿ ಬಂದಮೇಲೆ ನಮ್ಮ ಜಿಲ್ಲೆಗಳಿಗೆ ಅಂತಲೇ ಇರುವ ಹಣ ಅದು, ಕೇಳೋಕೆ ಹಿಂಜರಿಯಬೇಡಿ. ಪಂಚಾಯಿತಿಯ ವಾರ್ಷಿಕ ಕ್ರಿಯಾ ಯೋಜನೆಯಲ್ಲಿ ಕೆಲಸದ ಹೆಸರು ಸೇರದಿದ್ದರೆ ವರ್ಷ ಪೂರ್ತಿ ಹೋಯಿತು ಅಂತಲೇ ತಿಳಿಯಿರಿ.

ನಮ್ಮ ಕೈಯಿಂದ ಖರ್ಚಾಗಿದ್ದು ಓಡಾಟ, ಝೆರಾಕ್ಸ್, ನೋಟರಿ, ಸರ್ವೆ ಶುಲ್ಕ, ಚಹಾ ಎಲ್ಲ ಸೇರಿ ಹತ್ತು ಸಾವಿರದ ಆಸುಪಾಸು. ಸಂಘದ ಹೆಣ್ಣುಮಕ್ಕಳು ಕೂಡಿಸಿ ಕೊಟ್ಟರು. ಲಂಚ ಒಂದು ರೂಪಾಯಿಯೂ ಕೊಟ್ಟಿಲ್ಲ. ಎಲ್ಲ ಅರ್ಜಿಗೂ ಕಚೇರಿಯ ಟಪಾಲು ವಿಭಾಗದಲ್ಲಿ ಇನ್‌ವರ್ಡ್ ನಂಬರ್ ಹಾಕಿಸಿಕೊಂಡು, ಒಂದು ಪ್ರತಿಗೆ ಸೀಲು ಹಾಕಿಸಿಕೊಂಡು ಬಂದೆವು. "ನಿಮ್ಮ ಅರ್ಜಿ ಬಂದೇ ಇಲ್ಲ" ಅಂತ ಹೇಳಿದಾಗ ಆ ಸೀಲೇ ಮಾತಾಡಿತು.

ಈಗ ಉಳಿದಿರುವುದು ಕೆಳಸೇತುವೆ. ಜೋರು ಮಳೆ ಬಂದರೆ ಅಲ್ಲಿ ಸೊಂಟದ ತನಕ ನೀರು ನಿಲ್ಲುತ್ತದೆ. ಒಂದು ಬದಿಗೆ ಕಟ್ಟೆ ಎತ್ತರಿಸಿ ಸೈಕಲ್ ಹೋಗುವ ಹಾಗೆ ಮಾಡಬೇಕು, ಆದರೆ ರೈಲ್ವೆ ಜಾಗದಲ್ಲಿ ಒಂದು ಕಲ್ಲು ಇಡೋಕೂ ಅವರ ಅನುಮತಿ ಬೇಕು. ಸ್ಕೆಚ್ ಮತ್ತು ನೀರು ನಿಂತ ಫೋಟೋ ಸೇರಿಸಿ ಪಂಚಾಯಿತಿಯ ಮೂಲಕ ಪತ್ರ ಹೋಗಿದೆ. ನಿಮ್ಮಲ್ಲಿ ಯಾರಾದರೂ ಕೆಳಸೇತುವೆಯೊಳಗೆ ಇಂಥ ಕಟ್ಟೆ ಮಾಡಿಸಿದ್ದರೆ ಯಾವ ನಮೂನೆಯಲ್ಲಿ ಅರ್ಜಿ ಕೊಟ್ಟಿರಿ, ಎಷ್ಟು ದಿನ ಹಿಡಿಯಿತು ಅಂತ ದಯವಿಟ್ಟು ತಿಳಿಸಿ. ಮುಂಗಾರು ಶುರುವಾಗುವ ಮೊದಲು ಮುರುಮು ಹಾಕಿ ರೋಲರ್ ಹೊಡೆಸಬೇಕು, ಸೋಮವಾರದಿಂದ ಕೆಲಸ ಅಂತ ಪಂಚಾಯಿತಿಯವರು ಹೇಳಿದ್ದಾರೆ. ನಮ್ಮ ಸಂಘದ ಹೆಣ್ಣುಮಕ್ಕಳು ಆಗಲೇ ಕೂಲಿಗೆ ಹೆಸರು ಬರೆಸಿದ್ದಾರೆ.